ಬಳೆ ಅಡವಿಡುವ ಮುನ್ನ

ಮಂಡಿ ಆಪರೇಷನ್ ಆದಮೇಲೆ ನಮ್ಮ ಮನೆಯವರಿಗೆ ಎಡಗಾಲಿನಿಂದ ಕ್ಲಚ್ ತುಳಿಯಲಾಗದು. ಅದಕ್ಕೇ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗೇರಿನ ಹಳೇ ಕಾರು ಕೊಂಡೆವು. 3 ತಿಂಗಳಾಗಿರಲಿಲ್ಲ, ಗೇರಿಗೆ ಹಾಕಿದರೆ ಇಂಜಿನ್ ಗುರುಗುಟ್ಟುತ್ತದೆ, ಗಾಡಿ ಮಾತ್ರ ಮೊಂಡು ಎಮ್ಮೆಯಂತೆ ನಿಂತಲ್ಲೇ! "ಗೇರ್‌ಬಾಕ್ಸೇ ಬಿಚ್ಚಬೇಕಮ್ಮಾ, 80 ಸಾವಿರ" ಎಂದರು ಗ್ಯಾರೇಜಿನವರು. ನನ್ನ ಕಣ್ಣು ಕೈಬಳೆಯ ಮೇಲೆ ಹೋಯಿತು.

ಐಟಿಐ ಓದಿದ ನನ್ನ ತಮ್ಮ ಬಂದವನು, "ಅಕ್ಕಾ, ಮೊದಲು ಎಣ್ಣೆ ನೋಡೋಣ" ಅಂದ. ಈ ಗೇರ್‌ಬಾಕ್ಸಿನಲ್ಲಿ ಎಣ್ಣೆ ಬರೀ ನುಣುಪಿಗಲ್ಲವಂತೆ. ಅದರ ಒತ್ತಡದಿಂದಲೇ ಗೇರು ಹಿಡಿಯೋದು. ಕಾರಿನ ಪುಸ್ತಕದಲ್ಲಿದ್ದಂತೆ ಇಂಜಿನ್ ಬಿಸಿಮಾಡಿ, ಅಳತೆಕಡ್ಡಿ ಒರೆಸಿ ಅದ್ದಿದರೆ ಎಣ್ಣೆ ಕೆಳಗೆರೆಯನ್ನೂ ಮುಟ್ಟಿರಲಿಲ್ಲ. ಪುಣ್ಯಕ್ಕೆ ಬಣ್ಣ ಕೆಂಪಗೇ ಇತ್ತು. ರಾತ್ರಿ ಕಾರಿನಡಿ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ನೋಡಿದರೆ ಕೆಂಪು ಹನಿ! ಎಣ್ಣೆ ತಣಿಸಲು ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲ್ಯಾಂಪ್ ಸಡಿಲವಾಗಿತ್ತು. ಬಾನೆಟ್ ಎತ್ತಿದರೆ ಕೈಗೆ ಸಿಗುವ ಜಾಗ. ಹೊಸ ಕ್ಲ್ಯಾಂಪ್ ಬಿಗಿದು, ಪುಸ್ತಕ ಹೇಳಿದ ಎಣ್ಣೆಯನ್ನೇ ಸ್ವಲ್ಪಸ್ವಲ್ಪ ಸುರಿದು ಅಳೆದೆವು. ಹೆಚ್ಚಾದರೆ ನೊರೆಯೇಳುತ್ತದೆ, ಅದೂ ಕೇಡೇ.

ನೆನಪಿಡಿ: ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರನ್ನೂ ನುಸುಳಲು ಬಿಡಬೇಡಿ. ಎಣ್ಣೆ ಕಪ್ಪಾಗಿ ಸೀದ ವಾಸನೆ ಬಂದರೆ ಮೆಕ್ಯಾನಿಕ್ಕೇ ಬೇಕು. ಅಳತೆಕಡ್ಡಿಯೇ ಇಲ್ಲದ ಕಾರುಗಳೂ ಉಂಟು. ಅವನ್ನೂ ಗ್ಯಾರೇಜಿಗೇ ಒಯ್ಯಿರಿ.

ಮೊನ್ನೆ ಇವರೇ ಕಾರು ಓಡಿಸಿಕೊಂಡು ನನ್ನನ್ನು ಸಂತೆಗೆ ಕರೆದೊಯ್ದರು. ಎಷ್ಟು ದಿನದ ಮೇಲೆ ಅವರ ಮುಖದಲ್ಲಿ ಆ ಗೆಲುವು! ಬಳೆ ಕೈಯಲ್ಲೇ ಇದೆ.