ಗಾಯ ಕಾಣದ ಸಾವು

ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಾರಿದಾಗ ಹೆಣಗಳನ್ನು ಎಣಿಸುವುದು ಸರ್ಕಾರಕ್ಕೆ ಗೊತ್ತು. ಮೈಮೇಲೆ ಒಂದು ಗೀರೂ ಇಲ್ಲದೆ ಎದ್ದು ನಿಂತ ಕೂಲಿಗಾರನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದು ಅದಕ್ಕೆ ತಿಳಿಯದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿ ಜಿಲೆಟಿನ್ ಸಿಡಿದಾಗ ದೂರದೂರದ ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೆ ಅದೇ ಜಿಲೆಟಿನ್. 6 ಮಂದಿ ಸತ್ತರು. ಮಂತ್ರಿಗಳು ಬಂದರು, ಹೋದರು. ಬದುಕುಳಿದವರ ಕಿವಿ ಕೇಳುತ್ತಿದೆಯೇ, ಉಸಿರು ನೆಟ್ಟಗೆ ಆಡುತ್ತಿದೆಯೇ ಎಂದು ಗುಡಿಸಲು ಗುಡಿಸಲಿಗೂ ಹೋಗಿ ವಿಚಾರಿಸಿದವರು ಯಾರು?

ಸಿಡಿಮದ್ದು ಬೆಂಕಿಯಿಂದ, ಹಾರಿದ ಚೂರುಗಳಿಂದ ಮಾತ್ರ ಕೊಲ್ಲುತ್ತದೆಂದು ನಾವು ತಿಳಿದಿದ್ದೇವೆ. ಆದರೆ ಅದುಮಿದ ಗಾಳಿಯ ಅಲೆಯೊಂದು ಶಬ್ದಕ್ಕಿಂತ ವೇಗವಾಗಿ ಹೊರಟು, ರೆಪ್ಪೆ ಮಿಟುಕಿಸುವುದರೊಳಗೆ ಮೈಯನ್ನು ಹಾದುಹೋಗುತ್ತದೆ. ಮಾಂಸಖಂಡಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಗಾಳಿ ತುಂಬಿದ ಅಂಗಗಳು, ಅಂದರೆ ಕಿವಿ, ಶ್ವಾಸಕೋಶ, ಕರುಳು, ತಾಳಲಾರವು. ಚದರ ಅಂಗುಲಕ್ಕೆ ಸುಮಾರು 5 ಪೌಂಡು ಒತ್ತಡ ಏಕಾಏಕಿ ಏರಿದರೆ ಕಿವಿತಮಟೆ ಹರಿಯತೊಡಗುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನಲ್ಲಿ ಸಾಲಿ ಜುಕರ್‌ಮನ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ (ಯುದ್ಧ ಆ ಮೂಕಪ್ರಾಣಿಗಳದಾಗಿರಲಿಲ್ಲ!) 1940ರಲ್ಲಿ ತೋರಿಸಿಕೊಟ್ಟ ಸಂಗತಿಯಿದು: ಒತ್ತಡವು ಬಾಯಿ ಮೂಗುಗಳಿಂದ ಒಳನುಗ್ಗಿ ಶ್ವಾಸಕೋಶವನ್ನು ಒಡೆಯುವುದಲ್ಲ, ಹೊರಗಿನಿಂದ ಎದೆಗೂಡಿಗೇ ಬಡಿದು ಒಳಗೆ ರಕ್ತ ಸುರಿಸುತ್ತದೆ. ಚರ್ಮ ಮಾತ್ರ ಹಾಗೆಯೇ ಇರುತ್ತದೆ. ಮನುಷ್ಯ ಮಾತಾಡುತ್ತಾನೆ, ನೀರು ಕೇಳುತ್ತಾನೆ. ಕೆಲವು ಗಂಟೆಗಳಲ್ಲಿ ಏದುಸಿರು, ರಕ್ತದ ಕೆಮ್ಮು. ಹರಿದ ಶ್ವಾಸಕೋಶದಿಂದ ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೋ ಹೃದಯಕ್ಕೋ ಹೋಯಿತೆಂದರೆ ಅಲ್ಲಿಗೆ ಮುಗಿಯಿತು.

ಗೋಡೆಗಳ ನಡುವೆ ಈ ಅಲೆ ಬಡಿದು, ಹಿಂತಿರುಗಿ, ಇನ್ನಷ್ಟು ಬಲಿಯುತ್ತದೆ. ಬಯಲಿನಲ್ಲಿ ಬದುಕಬಹುದಾಗಿದ್ದವನು ಕೋಣೆಯೊಳಗೆ ಸಾಯುತ್ತಾನೆ. ಮದ್ದಿನ ದಾಸ್ತಾನಿಗೂ ಕೂಲಿಗಳು ಮಲಗುವ ಶೆಡ್ಡಿಗೂ ಎಷ್ಟು ಮಾರು ದೂರವೆಂದು ನೋಡದೆ ಪರವಾನಗಿಗೆ ಸಹಿ ಹಾಕುವ ಅಧಿಕಾರಿಗಳು ಇದನ್ನು ಎರಡು ಸಲ ಓದಲಿ.

ನಾವು ಕೇಳುವುದು ದೊಡ್ಡದೇನಲ್ಲ. ಸ್ಫೋಟದ ಹತ್ತಿರವಿದ್ದ ಪ್ರತಿಯೊಬ್ಬರನ್ನೂ, ಗಾಯ ಕಾಣಲಿ ಬಿಡಲಿ, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಕಿವಿ ಸರಿಯಿದೆಯೆಂದ ಮಾತ್ರಕ್ಕೆ ಎದೆಯೂ ಸರಿಯಿದೆಯೆನ್ನುವಂತಿಲ್ಲ; ಆದ್ದರಿಂದ ಎದೆಯ ಎಕ್ಸ್‌ರೇ ಆಗಬೇಕು, ಉಸಿರಾಟವನ್ನು ಗಮನಿಸುತ್ತಿರಬೇಕು. ಅವರ ಹೆಸರುಗಳು ಪರಿಹಾರದ ಪಟ್ಟಿಯಲ್ಲಿ ಬರಬೇಕು. ಖರ್ಚು ಕ್ವಾರಿಯ ಧಣಿಯದು.