ತೂಕದ ಮಷಿನ್ ಮಾತು ಕೇಳಿ ಊಟ ಬಿಡ್ಬೇಡಿ (ಭಾಗ 3)

ಜಿಮ್ ಸೇರಿ ಎರಡು ವಾರ ಆಯ್ತು. ಬೆಳಗ್ಗೆ ಐದೂವರೆಗೆ ಎದ್ದು ಬೆವರು ಸುರಿಸಿದ್ದೀರಿ. ಮಷಿನ್ ಹತ್ತಿದ್ರೆ ಮುಳ್ಳು ಅಲ್ಲೇ ಇದೆ. ಕೆಲವರಿಗೆ ಒಂದು ಕೆಜಿ ಜಾಸ್ತೀನೇ! ತಕ್ಷಣ ಮಾಡೋದೇನು? ರಾತ್ರಿ ಊಟ ಕಟ್. ನಾನೂ ಅದನ್ನೇ ಮಾಡಿದ್ದೆ. ನಾಲ್ಕನೇ ದಿನ ಕ್ಲಾಸಲ್ಲಿ ತಲೆ ಸುತ್ತಿ ಬಿದ್ದೆ.

ಸ್ವಲ್ಪ ಕೇಳಿ. ಹೊಸದಾಗಿ ವ್ಯಾಯಾಮ ಶುರು ಮಾಡಿದಾಗ ಸ್ನಾಯುಗಳಲ್ಲಿ ಸಣ್ಣ ಸಣ್ಣ ಗಾಯ ಆಗುತ್ತೆ. ಅದು ವಾಸಿಯಾಗೋವರೆಗೆ ದೇಹ ಅಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತೆ. ಜೊತೆಗೆ ಸ್ನಾಯು ಗ್ಲೈಕೋಜನ್ ಕೂಡಿಡುತ್ತೆ; ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು. ಒಳಗೆ ಕೊಬ್ಬು ಕರಗ್ತಿದ್ರೂ ಈ ನೀರು ಅದನ್ನ ಮುಚ್ಚಿಹಾಕುತ್ತೆ. ಕೊಬ್ಬು ಯಾವ್ದು, ನೀರು ಯಾವ್ದು, ಮಷಿನ್‌ಗೆ ಗೊತ್ತಾಗಲ್ಲ.

ಬಿಕಾಂ ಓದೋರು ನಾವು. ಒಂದು ದಿನದ ಗಲ್ಲಾ ನೋಡಿ ಅಂಗಡಿ ಲಾಸು ಅಂತೀವಾ?

ಈ ಎರಡು ವಾರದ ಭಯಾನೇ ರೀಲ್ಸ್‌ನಲ್ಲಿ ಪೌಡರ್ ಡಬ್ಬ ಮಾರೋರ ಬಂಡವಾಳ. ಕೈಬಿಡೋಕೆ ಹೊರಟವರೇ ಅವರ ಗಿರಾಕಿಗಳು.

ಮಷಿನ್ನ ಒಂದು ತಿಂಗಳು ಮಂಚದ ಕೆಳಗೆ ತಳ್ಳಿ. ವಾರಕ್ಕೊಂದ್ಸಲ ಟೇಪಲ್ಲಿ ಸೊಂಟ ಅಳೀರಿ. ಎರಡು ತಿಂಗಳಾದ್ರೂ ಟೇಪೂ ಕದಲಿಲ್ವಾ? ಆಗ ತಿನ್ನೋದರ ಲೆಕ್ಕ ನೋಡಿ. ಜಿಮ್ಮಿಂದ ಬರ್ತಾ ಬೇಕರೀಲಿ ತಿನ್ನೋ ಎಗ್ ಪಫ್, ಸಕ್ಕರೆ ಸುರಿದ ಜ್ಯೂಸು, ಅವನ್ನ ಕಟ್ ಮಾಡಿ. ಅಮ್ಮ ಹಾಕಿದ ಮುದ್ದೆ ಮೇಲೆ ಸಿಟ್ಟು ತೀರಿಸ್ಕೋಬೇಡಿ.

ಎರಡನೇ ವಾರಕ್ಕೇ ಜಿಮ್ ಬಿಟ್ಟ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ. ನಾಳೆ ಐದೂವರೆಗೆ ಕರ್ಕೊಂಡು ಬನ್ನಿ. ತಿಂಡಿ ತಿನ್ನಿಸಿ ಕಳ್ಸಿ.