ಹಾರುವ ಕಣ್ಣಿಗೂ ಬಾಂದುಕಲ್ಲು ಬೇಕು

ನಮ್ಮ ಹಳ್ಳಿಗಳಲ್ಲಿ ಬಾಂದುಕಲ್ಲನ್ನು ಕಿತ್ತವನಿಗೆ ಬರುವ ಅಪಕೀರ್ತಿ ಕಳ್ಳನಿಗೂ ಬರುವುದಿಲ್ಲ. ಕಳ್ಳನು ಒಂದು ವಸ್ತುವನ್ನು ಕದ್ದಾನು. ಕಲ್ಲು ಕಿತ್ತವನಾದರೋ ಮುಂದಿನ ತಲೆಮಾರಿನ ನ್ಯಾಯವನ್ನೇ ಕದ್ದಿರುತ್ತಾನೆ. ಈಗ ಅಳತೆಯ ಕೆಲಸ ಸರಪಳಿಯನ್ನು ಬಿಟ್ಟು ಡ್ರೋನ್ ಏರಿದೆ. ‘ಇನ್ನು ಕಲ್ಲೇಕೆ, ಗೂಟವೇಕೆ?’ ಎಂದು ಕೇಳುವ ಮಿತ್ರರುಂಟು. ಕಲ್ಲು ಈಗಲೇ ಹೆಚ್ಚು ಬೇಕೆಂಬುದು ಭೂಗೋಳದ ವಿದ್ಯಾರ್ಥಿಯಾದ ನನ್ನ ಅಭಿಪ್ರಾಯ.

ಬಿ.ಟಿ.ಎಂ. ಬಡಾವಣೆಯಿಂದ ಅಗರದ ಕಡೆಗೆ ಬಸ್ಸಿನಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಊರಿನ ಮಹತ್ತ್ವ ಗೊತ್ತು? ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಕೃಷ್ಣರಾಜಪುರಕ್ಕೂ ಅಗರಕ್ಕೂ ನಡುವೆ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆಸಿದನು. ೧೮೦೨ರಲ್ಲಿ ಮದರಾಸಿನ ಬಳಿ ಇನ್ನೊಂದು ರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದನು. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದ ಲೆಕ್ಕ ಸರಿಯೇ ಎಂದು ನೋಡಲು ೧೮೦೪ರಲ್ಲಿ ಬೆಂಗಳೂರಿನಲ್ಲಿ ನೆಲವನ್ನು ಮತ್ತೆ ಅಳೆಯಲಾಯಿತು. ಲೆಕ್ಕಕ್ಕೆ ಸಾಕ್ಷಿ ನೆಲವೇ, ಕಾಗದವಲ್ಲ ಎಂಬುದು ಅಂದಿನ ಪಾಠ.

ಡ್ರೋನಿಗೂ ಇದೇ ಪಾಠ. ಅದು ಮೇಲಿನಿಂದ ತೆಗೆದ ನೂರಾರು ಚಿತ್ರಗಳನ್ನು ಗಣಕಯಂತ್ರ ಒಂದಕ್ಕೊಂದು ಹೊಂದಿಸಿ ನಕ್ಷೆ ಮಾಡುತ್ತದೆ. ಆ ನಕ್ಷೆ ಹಿಗ್ಗದಂತೆ, ಬಾಗದಂತೆ ಹಿಡಿಯಲು ಸ್ಥಾನವೂ ಎತ್ತರವೂ ಮೊದಲೇ ಗೊತ್ತಿರುವ ಗುರುತುಗಳು ನೆಲದಲ್ಲಿರಬೇಕು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಹಳ್ಳದ ತಳದಲ್ಲೂ ದಿಬ್ಬದ ಮೇಲೂ ಒಂದೊಂದು. ಇನ್ನು ಕೆಲವನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷಕರಂತೆ ದೂರವಿಡಬೇಕು. ಉಪಗ್ರಹದ ಸಂಕೇತದಿಂದ ತನ್ನ ಸ್ಥಾನವನ್ನು ತಾನೇ ನಿಖರವಾಗಿ ತಿಳಿಯುವ ಡ್ರೋನುಗಳು ಬಂದಿವೆ, ನಿಜ. ಅವಕ್ಕೆ ಕಡಿಮೆ ಗುರುತುಗಳು ಸಾಕಾದೀತು. ಆದರೆ ಪರೀಕ್ಷೆಗೆ ಕುಳಿತವನೇ ತನಗೆ ಅಂಕ ಹಾಕಿಕೊಳ್ಳುವುದನ್ನು ನಾವು ಒಪ್ಪುತ್ತೇವೆಯೇ?

ಕಾರ್ಖಾನೆ, ಕಲ್ಲುಕ್ವಾರಿಗಳ ಅಂಗಳದಲ್ಲಿ ಗುರುತು ಉಳಿಯುವುದೇ ಕಷ್ಟ. ಸುಣ್ಣದ ಗೆರೆ ಒಂದು ಮಳೆಗೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರುತ್ತದೆ. ಬಣ್ಣದ ಮೇಲೆ ಕಲ್ಲುಪುಡಿ ಕೂರುತ್ತದೆ. ಮುಂದಿನ ವರ್ಷ ಬಂದವನು ಬೇರೆಡೆ ಗುರುತಿಟ್ಟರೆ ಎರಡು ವರ್ಷದ ನಕ್ಷೆಗಳನ್ನು ತಾಳೆ ನೋಡುವುದು ಹೇಗೆ? ಆದುದರಿಂದ ಮಣ್ಣು ತುಂಬಿದ ಜಾಗ ಬಿಟ್ಟು, ಗಟ್ಟಿ ಬಂಡೆಯ ಮೇಲೆ ಅಥವಾ ಆಳದ ಕಾಂಕ್ರೀಟಿನಲ್ಲಿ ಹಿತ್ತಾಳೆಯ ಮೊಳೆ ಕೂರಿಸಬೇಕು. ಲಾರಿಯ ಚಕ್ರಕ್ಕೆ ಸಿಗದಂತೆ ಅದು ನೆಲಮಟ್ಟಕ್ಕಿರಲಿ. ಸುತ್ತ ಹೊಳಪಿಲ್ಲದ ಕಪ್ಪು ಬಿಳಿ ಚೌಕಗಳನ್ನು ಬಳಿದು, ಸಂಖ್ಯೆ ಕೆತ್ತಿ, ಹತ್ತಿರದ ಮೂರು ಸ್ಥಿರ ವಸ್ತುಗಳಿಂದ ಅದಕ್ಕಿರುವ ದೂರವನ್ನು ಬರೆದಿಡಬೇಕು. ಗುರುತು ಹೂತುಹೋದರೂ ಆಗ ಹುಡುಕಬಹುದು.

ಇದರಿಂದ ಯಾರಿಗೇನು ಎನ್ನಬೇಡಿ. ಒಂದು ಹೆಕ್ಟೇರಿನಲ್ಲಿ ಎತ್ತರ ೧೦ ಸೆಂಟಿಮೀಟರಿನಷ್ಟು ತಪ್ಪಿದರೆ ೧,೦೦೦ ಘನ ಮೀಟರಿನ ವ್ಯತ್ಯಾಸ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ನೂರು ಲೋಡು! ಅಷ್ಟರ ರಾಜಧನ ಸಾರ್ವಜನಿಕರ ಹಣ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಯಾವ ಗಣಿ ಗಡಿ ಮೀರಿ ಎಷ್ಟು ಅತಿಕ್ರಮಿಸಿದೆ ಎಂದು ಅಳೆದೇ ಗಣಿಗಳನ್ನು ಮೂರು ವರ್ಗ ಮಾಡಬೇಕಾಯಿತು. ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳ ದೊಡ್ಡ ಗಣಿಗಳು ವರ್ಷಕ್ಕೊಮ್ಮೆ ಡ್ರೋನ್ ಚಿತ್ರಗಳನ್ನು ಒಪ್ಪಿಸಬೇಕೆಂಬ ನಿಯಮ ೨೦೨೧ರಲ್ಲಿ ಬಂದಿತು. ಒಳ್ಳೆಯದೇ. ಆದರೆ ಗುರುತು ವರ್ಷಕ್ಕೊಮ್ಮೆ ಬದಲಾದರೆ ಚಿತ್ರ ಎಷ್ಟು ಸ್ಪಷ್ಟವಾಗಿದ್ದೇನು ಫಲ?

ಹೊಲದ ಗಡಿಗುರುತನ್ನು ಕೆಡಿಸಿದವನಿಗೆ ದಂಡ ವಿಧಿಸಲು ೧೯೬೪ರ ಭೂಕಂದಾಯ ಅಧಿನಿಯಮದಲ್ಲಿ ಅವಕಾಶವಿದೆ. ಕೈಗಾರಿಕಾ ನೆಲದ ಈ ಹೊಸ ಗುರುತುಗಳಿಗೂ ಅದೇ ಗೌರವ ಸಲ್ಲಲಿ. ಗುರುತು ನೆಡುವ ಖರ್ಚು ಮಾಲೀಕನದಾಗಲಿ. ಅದರ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿದ್ದು ಪಕ್ಕದ ಹೊಲದ ರೈತನೂ ನೋಡುವಂತಾಗಲಿ. ಖರ್ಚು ಹೆಚ್ಚೆನ್ನುವವರು ಆ ನೂರು ಲೋಡುಗಳನ್ನು ನೆನೆಯಲಿ.

ಜಯನಗರದ ಮಗ್ಗುಲಲ್ಲೇ ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡ ಗೋಪುರ ನಿಂತಿದೆ. ಊರು ಅದನ್ನು ದಾಟಿ ಎಷ್ಟೋ ದೂರ ಬೆಳೆದಿದೆ. ಗುರುತು ಮಾತ್ರ ಕದಲಿಲ್ಲ. ಬಂಡೆಯನ್ನು ಆರಿಸಿ ಕಟ್ಟಿದವರ ಆ ವಿವೇಕ ನಮಗೂ ಬರಲಿ. ನಾಳೆ ಇಂಥ ನಕ್ಷೆಗಳಿಗೆ ಸಹಿ ಹಾಕುವ ಅಧಿಕಾರಿಗಳು ನಮ್ಮ ಸಹಪಾಠಿಗಳಲ್ಲೇ ಇರಬಹುದು. ಸಹಿಗೆ ಮುಂಚೆ ಅವರು ಒಂದು ಪ್ರಶ್ನೆ ಕೇಳಿದರೆ ಸಾಕು: ‘ಗುರುತಿನ ಕಲ್ಲು ಎಲ್ಲಿದೆ?’